ಪೈಪಿನ ಅಳತೆ ಬಿಡಿ, ಸದ್ದಿನ ಅಳತೆ ಹಿಡಿಯಿರಿ

ವರ್ಷಕ್ಕೆ ಒಂದೆರಡು ಸಲ ನಮ್ಮ ಪತ್ರಿಕೆಗಳಲ್ಲಿ ಒಂದೇ ಬಗೆಯ ಫೋಟೊ ಬರುತ್ತದೆ. ಊರು ಮಾತ್ರ ಬೇರೆ. ಒಮ್ಮೆ ಶಿವಮೊಗ್ಗ, ಒಮ್ಮೆ ಉಡುಪಿ, ಇನ್ನೊಮ್ಮೆ ಬೆಂಗಳೂರು. ರಸ್ತೆ ಮೇಲೆ ಸಾಲಾಗಿ ಮಲಗಿಸಿದ ಸೈಲೆನ್ಸರ್‌ಗಳು, ಅವುಗಳ ಮೇಲೆ ಹತ್ತುತ್ತಿರುವ ರೋಡ್ ರೋಲರ್, ಪಕ್ಕದಲ್ಲಿ ಪೊಲೀಸ್ ಅಧಿಕಾರಿಗಳು. ಕೆಳಗಿನ ಸುದ್ದಿಯಲ್ಲಿ ‘ದೋಷಪೂರಿತ ಸೈಲೆನ್ಸರ್’ ಎಂಬ ಮಾತು ಇದ್ದೇ ಇರುತ್ತದೆ. ಎಕ್ಸಾಸ್ಟ್ ಪೈಪ್ ಮಾಡಿ ಹೊಟ್ಟೆ ಹೊರೆಯುವ ನನಗೆ ಅದನ್ನು ನೋಡಿದಾಗ ಅರ್ಧ ಖುಷಿ, ಅರ್ಧ ಸಂಕಟ. ಖುಷಿ ಏಕೆಂದರೆ ಆ ರಾಶಿಯ ಬಹುಪಾಲು ಮಾಲು ಹಾಳಾಗಿಯೇ ಹೋಗಬೇಕಾದದ್ದು. ಒಳಗಿನ ಜಾಲರಿ ಕಿತ್ತ ಖಾಲಿ ಡಬ್ಬಗಳು, ರಾತ್ರಿ ಹನ್ನೊಂದರ ಮೇಲೆ ಆಸ್ಪತ್ರೆ ಮುಂದೆ ಅಬ್ಬರಿಸಿಕೊಂಡು ಹೋಗಲೆಂದೇ ಮಾಡಿಸಿದವು. ಸಂಕಟ ಏಕೆಂದರೆ ಅಪರೂಪಕ್ಕೊಮ್ಮೆ ಆ ರಾಶಿಯಲ್ಲಿ ನೀಟಾಗಿ ಬೆಸೆದ, ಒಳಗೆ ಸರಿಯಾದ ಸೈಲೆನ್ಸರ್ ಇರುವ ಪೈಪೂ ಕಣ್ಣಿಗೆ ಬೀಳುತ್ತದೆ. ರೋಲರಿಗೆ ಎರಡೂ ಒಂದೇ. ನಮ್ಮ ಕಾನೂನಿಗೂ ಎರಡೂ ಒಂದೇ. ನನ್ನ ತಕರಾರು ಇರುವುದು ಕಾನೂನಿನ ಬಗ್ಗೆ.

ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ಪೀಣ್ಯದಲ್ಲಿ ಒಂದು ಶೆಡ್ಡು ಇದೆ. ಕಾರಿಗೂ ನನಗೂ ಮೊದಲು ಸಂಬಂಧವಿರಲಿಲ್ಲ. ಹಾಲಿನ ಡೈರಿಗಳ ಪೈಪ್‌ಲೈನ್ ಬೆಸೆಯುತ್ತಿದ್ದೆ. ಹಾಲು ಹರಿಯುವ ಪೈಪಿನ ಒಳಮೈ ಕನ್ನಡಿಯಂತಿರಬೇಕು. ಬೆಸುಗೆಯ ಒಳಭಾಗದಲ್ಲಿ ಒಂದು ಸಣ್ಣ ಗಂಟು ಉಳಿದರೂ ಅಲ್ಲಿ ಹಾಲು ನಿಂತು ಹುಳಿಯುತ್ತದೆ, ಇನ್‌ಸ್ಪೆಕ್ಟರ್ ಪೈಪನ್ನೇ ಕತ್ತರಿಸಿ ಎಸೆಯುತ್ತಾನೆ. ಅದಕ್ಕೆ ಹೊರಗಿನಿಂದ ಟಿಗ್ ಬೆಸುಗೆ ಹಾಕುವಾಗ ಪೈಪಿನ ಎರಡೂ ಬಾಯಿ ಮುಚ್ಚಿ ಒಳಗೆ ಆರ್ಗಾನ್ ಅನಿಲ ತುಂಬಬೇಕು. ತುಂಬದಿದ್ದರೆ ಒಳಗಡೆ ಕ್ರೋಮಿಯಂ ಸುಟ್ಟು ಕರಿ ಸಕ್ಕರೆಯಂತೆ ಹರಳುಗಟ್ಟುತ್ತದೆ. ನಮ್ಮ ಕಸುಬಿನಲ್ಲಿ ಅದನ್ನು ‘ಶುಗರಿಂಗ್’ ಅನ್ನುತ್ತೇವೆ. ಒಬ್ಬ ರ‍್ಯಾಲಿ ಓಡಿಸುವ ಹುಡುಗ ನನ್ನ ಡೈರಿ ಬೆಸುಗೆ ನೋಡಿ, ‘ಸಾರ್, ಇದೇ ಥರ ನನ್ನ ಕಾರಿಗೆ ಮಾಡಿಕೊಡ್ತೀರಾ’ ಅಂದ. ಅಲ್ಲಿಂದ ಈ ದಂಧೆ. ಸ್ಟೀಲೂ ಅದೇ 304, ಮನೆಯ ಒಳ್ಳೆಯ ಪಾತ್ರೆಗಳಲ್ಲಿರುವ ಸ್ಟೀಲು.

ಟರ್ಬೊ ಎಂಬುದು ಒಂದು ಕಾಲದಲ್ಲಿ ಪೋರ್ಷೆ ಕೊಳ್ಳುವವರ ಮಾತಾಗಿತ್ತು. ಈಗ ಹಾಗಿಲ್ಲ. ನಾಲ್ಕು ಮೀಟರ್ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ತೆರಿಗೆ ಕಡಿಮೆ ಎಂಬ ನಮ್ಮ ನಿಯಮದಿಂದಾಗಿ ಕಂಪನಿಗಳು ಸಣ್ಣ ಎಂಜಿನ್ನಿಗೆ ಟರ್ಬೊ ಕೂರಿಸಿ ಮಾರುತ್ತಿವೆ. ಪೋಲೊ ಜಿಟಿ ಬಂತು, ನೆಕ್ಸಾನ್ ಬಂತು, ಐ20 ಎನ್ ಲೈನ್ ಬಂತು. ಹೀಗಾಗಿ ಇಂಜಿನಿಯರಿಂಗ್ ಮುಗಿಸಿ ಮೊದಲ ಸಂಬಳ ಎಣಿಸಿದ ಹುಡುಗನ ಹತ್ತಿರವೂ ಒಂದು ಟರ್ಬೊ ಇದೆ. ಅವನು ನನ್ನ ಶೆಡ್ಡಿಗೆ ಬಂದು ಕೇಳುವ ಮೊದಲ ಪ್ರಶ್ನೆ, ‘ಮೂರಿಂಚಿನ ಪೈಪ್ ಹಾಕಿದ್ರೆ ಎಷ್ಟು ಹಾರ್ಸ್‌ಪವರ್ ಜಾಸ್ತಿ ಬರುತ್ತೆ?’ ಎರಡನೆಯದು, ‘ಪಟಾಕಿ ಸೌಂಡ್ ಬರುತ್ತಾ?’ ಎರಡನೇ ಪ್ರಶ್ನೆ ಬಂದ ಕೂಡಲೇ ನಾನು ಟೀ ತರಿಸುವುದನ್ನು ನಿಲ್ಲಿಸುತ್ತೇನೆ.

ಮೊದಲ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ, ಅದೇ ಟರ್ಬೊ. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಬಲದಿಂದ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವುದು ಮಾಮೂಲಿ. ಹೊಗೆಯ ಚಕ್ರ ಎಷ್ಟು ಜೋರಾಗಿ ತಿರುಗೀತು ಎಂಬುದು ಅದರ ಒಳಬಾಯಿ ಮತ್ತು ಹೊರಬಾಯಿಯ ಒತ್ತಡಗಳ ಅನುಪಾತಕ್ಕೆ ಬಿಟ್ಟದ್ದು. ಹೊರಬಾಯಿಯ ಪೈಪ್ ಕಿರಿದಾಗಿದ್ದರೆ ಹೊಗೆ ಅಲ್ಲೇ ಒತ್ತಿಕೊಂಡು ನಿಲ್ಲುತ್ತದೆ, ಚಕ್ರ ಸುಸ್ತಾಗುತ್ತದೆ, ಎಂಜಿನ್ ತನ್ನದೇ ಹೊಗೆಯ ವಿರುದ್ಧ ಕುಸ್ತಿ ಮಾಡಬೇಕಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಪೈಪಿನ ಉದ್ದ, ಅಗಲಗಳಿಗೆ ಅಲೆಗಳ ಸೂಕ್ಷ್ಮ ಲೆಕ್ಕವಿದೆ. ತೀರಾ ದೊಡ್ಡದು ಹಾಕಿದರೆ ಕೆಳಗಿನ ಎಳೆತವೇ ಹೋಗುತ್ತದೆ. ಟರ್ಬೊ ದಾಟಿದ ಮೇಲಿನ ಪೈಪಿಗೆ ಆ ಗೊಡವೆ ಬಹಳ ಇಲ್ಲ. ಜಾಗ ಮತ್ತು ತೂಕ ಒಪ್ಪುವಷ್ಟು ದೊಡ್ಡದಿರಲಿ, ಅಷ್ಟೆ.

ಎಷ್ಟು ದೊಡ್ಡದು ಎಂಬುದು ಎಂಜಿನ್ ನುಂಗುವ ಗಾಳಿಯ ಮೇಲೆ ನಿಂತಿದೆ. ಮುನ್ನೂರು ಹಾರ್ಸ್‌ಪವರ್ ಕೊಡುವ ಪೆಟ್ರೋಲ್ ಎಂಜಿನ್ ಪೂರ್ತಿ ಒತ್ತಿದಾಗ ನಿಮಿಷಕ್ಕೆ ಸುಮಾರು 13–14 ಕೆ.ಜಿ. ಗಾಳಿ ನುಂಗುತ್ತದೆ. ಹೌದು, ಕೆ.ಜಿ. ಲೆಕ್ಕದಲ್ಲೇ. ಅದರ ಜತೆ ಸುಟ್ಟ ಪೆಟ್ರೋಲೂ ಸೇರಿ ಅಷ್ಟೂ ಆ ಪೈಪಿನಲ್ಲೇ ಹೊರಬೀಳಬೇಕು. ಎರಡೂವರೆ ಇಂಚಿನಿಂದ ಮೂರಿಂಚು ಅಂದರೆ ಕೇಳಲು ಬರೀ ಅರ್ಧ ಇಂಚು. ಬಾಯಿಯ ವಿಸ್ತೀರ್ಣ ಮಾತ್ರ ಶೇ 44ರಷ್ಟು ಹೆಚ್ಚುತ್ತದೆ. ಅಂಥ ಎಂಜಿನ್ನಿಗೆ ಮೂರಿಂಚು ಸರಿಯಾದ ಅಳತೆ. 110 ಹಾರ್ಸ್‌ಪವರ್‌ನ ಒಂದು ಲೀಟರ್ ಎಂಜಿನ್ನಿಗೆ ಅದೇ ಪೈಪ್ ಹಾಕಿಸುವುದು ಏಳು ವರ್ಷದ ಹುಡುಗನಿಗೆ ಅಪ್ಪನ ಪ್ಯಾಂಟ್ ತೊಡಿಸಿದಂತೆ. ಈ ಮಾತು ಹೇಳಿ ಎಷ್ಟೋ ಗಿರಾಕಿಗಳನ್ನು ವಾಪಸ್ ಕಳಿಸಿದ್ದೇನೆ. ಪಕ್ಕದ ಬೀದಿಯವನು ಅವರಿಗೆ ಹಾಕಿಕೊಟ್ಟಿದ್ದಾನೆ, ಅದೂ ಗೊತ್ತು.

ಇತ್ತೀಚೆಗೆ ಮಾಡಿದ ಒಂದು ಕೆಲಸ ಹೇಳುತ್ತೇನೆ. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಶನ್ ಟೆನ್, ನಮ್ಮವರ ಬಾಯಲ್ಲಿ ‘ಎವೊ’. 2010ರಲ್ಲಿ ಭಾರತಕ್ಕೆ ಬಂದ ಕಾರು. ಎರಡು ಲೀಟರ್ ಎಂಜಿನ್, ಟ್ವಿನ್ ಸ್ಕ್ರೋಲ್ ಟರ್ಬೊ, ನಾಲ್ಕೂ ಚಕ್ರಕ್ಕೆ ಡ್ರೈವ್. ಇದರ ಮಾಲೀಕ ರಸ್ತೆಗೆ ಇಳಿಸುವುದಿಲ್ಲ. ಟ್ರೈಲರ್ ಮೇಲೆ ಹಾಕಿಕೊಂಡು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೋ ಒಯ್ಯುತ್ತಾನೆ. (ಇಷ್ಟು ಕಾರು ಹುಚ್ಚಿನ ಬೆಂಗಳೂರಿಗೆ ಓಡಿಸಲು ತಮಿಳುನಾಡೇ ಗತಿ, ಅದು ಇನ್ನೊಂದು ಲೇಖನದ ವಿಷಯ.) ಹಿಂದೆ ಯಾರೋ ಹಾಕಿಕೊಟ್ಟಿದ್ದ ಪೈಪು ಟರ್ಬೊ ಬಾಯಿಯ ಹತ್ತಿರವೇ ಸೀಳಿತ್ತು. ಕತ್ತರಿಸಿ ನೋಡಿದರೆ ಒಳಗೆಲ್ಲಾ ಅದೇ ಕರಿ ಹರಳು. ಆರ್ಗಾನ್ ತುಂಬದೆ ಬೆಸೆದದ್ದು. ಉದುರಿದ ಹರಳು ಮುಂದಿನ ಕ್ಯಾಟಲಿಟಿಕ್ ಕನ್ವರ್ಟರ್‌ನ ಮುಖಕ್ಕೆ ಹೋಗಿ ಕೂತಿತ್ತು.

ಎವೊದಲ್ಲಿ ಎಂಜಿನ್ ಅಡ್ಡ ಕೂತಿದೆ, ಟರ್ಬೊ ಅದರ ಹಿಂಬದಿಯಲ್ಲಿ, ಡ್ಯಾಶ್‌ಬೋರ್ಡಿನ ಗೋಡೆಗೆ ಬೆನ್ನು ಕೊಟ್ಟು. ಕೈ ಹೋಗುವ ಜಾಗ ಅಂಗೈಯಗಲ. ಟರ್ಬೊದಿಂದ ಇಳಿಯುವ ಮೊದಲ ತುಂಡು, ಡೌನ್‌ಪೈಪ್, ಅಲ್ಲಿಂದ ಕೆಳಗಿಳಿದು ಟ್ರಾನ್ಸ್‌ಫರ್ ಕೇಸಿನ ಪಕ್ಕ ನುಸುಳಿ, ಪ್ರೊಪೆಲ್ಲರ್ ಶಾಫ್ಟಿನ ಜತೆ ಸುರಂಗ ಹಂಚಿಕೊಂಡು ಹಿಂದಕ್ಕೆ ಓಡಬೇಕು. ಆಕ್ಸಲರೇಟರ್ ಒತ್ತಿದಾಗ ಅಡ್ಡ ಕೂತ ಎಂಜಿನ್ ಹಿಂದು ಮುಂದಕ್ಕೆ ತೂಗುತ್ತದೆ. ಪೈಪು ಬಿಗಿಯಾಗಿದ್ದರೆ ಆ ತೂಗಾಟವನ್ನೆಲ್ಲ ಬೆಸುಗೆಯೇ ತಡೆಯಬೇಕು. ಇದರ ಮೇಲೆ ಬಿಸಿ. 304 ಸ್ಟೀಲಿನ ಒಂದು ಮೀಟರ್ ಪೈಪು ಐನೂರು ಡಿಗ್ರಿ ಬಿಸಿಯೇರಿದರೆ ಎಂಟೊಂಬತ್ತು ಮಿಲಿಮೀಟರ್ ಉದ್ದವಾಗುತ್ತದೆ, ಆರಿದಾಗ ಮತ್ತೆ ಅಷ್ಟೇ ಕುಗ್ಗುತ್ತದೆ. ಆ ಬೆಳೆಯುವ ಉದ್ದಕ್ಕೆ ಎಲ್ಲೋ ಜಾಗ ಕೊಡಬೇಕು. ಅದಕ್ಕೆ ಡೌನ್‌ಪೈಪಿನ ಕೆಳಗೆ ಹೆಣೆದ ಸ್ಟೀಲಿನ ಬೆಲ್ಲೋಸ್ ಹಾಕಿದೆ, ಜೋಡಣೆಗಳಿಗೆ ಬೋಲ್ಟಿನ ಫ್ಲ್ಯಾಂಜ್ ಬಿಟ್ಟು ವಿ-ಬ್ಯಾಂಡ್ ಕ್ಲಾಂಪ್ ಹಾಕಿದೆ, ಪೈಪನ್ನು ಕಾರಿನ ತಳಕ್ಕೆ ರಬ್ಬರಿನಿಂದಲೇ ನೇತುಹಾಕಿದೆ. ಮೊದಲಿನವನು ಇದ್ಯಾವುದನ್ನೂ ಮಾಡಿರಲಿಲ್ಲ. ಎರಡು ಕಡೆ ನೇರ ಕಬ್ಬಿಣದ ಪಟ್ಟಿಯಿಂದ ಕಾರಿನ ತಳಕ್ಕೇ ಬೆಸೆದಿದ್ದ.

ತಿರುವುಗಳಿಗೆ ಒಳಗೆ ಅಚ್ಚು ಹಾಕಿ ಬಗ್ಗಿಸಿದ ಮ್ಯಾಂಡ್ರೆಲ್ ಬೆಂಡುಗಳು. ಸುಮ್ಮನೆ ಒತ್ತಿ ಬಗ್ಗಿಸಿದರೆ ಮೂರಿಂಚಿನ ಪೈಪು ಮಡಿಕೆಯಲ್ಲಿ ಚಪ್ಪಟೆಯಾಗಿ ಎರಡೂವರೆಗಿಂತ ಕಿರಿದಾಗಿರುತ್ತದೆ. ಟ್ರ್ಯಾಕಿನ ಕಾರಾದರೂ ಟ್ರೈಲರ್ ಹತ್ತಿಸುವಾಗ ತಳ ಉಜ್ಜುತ್ತದೆ, ಹಾಗಾಗಿ ನಡುಭಾಗದಲ್ಲಿ ಅದೇ ವಿಸ್ತೀರ್ಣದ ಮೊಟ್ಟೆಯಾಕಾರದ ಪೈಪು. ಹಿಂದಿನ ಆಕ್ಸಲ್ ಹತ್ತಿರ ಪೆಟ್ರೋಲ್ ಟ್ಯಾಂಕ್ ಇರುವುದರಿಂದ ಅಲ್ಲೊಂದು ಶಾಖದ ತಗಡು. ಗೋಡೆ 1.6 ಮಿ.ಮೀ. ದಪ್ಪ, ಮೀಟರಿಗೆ ಹತ್ತಿರ ಹತ್ತಿರ ಮೂರು ಕೆ.ಜಿ. ತೂಕ.

ಹೊಗೆಯ ವಿಷ ಕಡಿಮೆ ಮಾಡುವ ಆ ಕನ್ವರ್ಟರ್, ನಮ್ಮ ಬಾಯಲ್ಲಿ ‘ಕ್ಯಾಟ್’, ಬೇಡ ಅಂದ ಮಾಲೀಕ. ನಾನು ಬೇಕೇ ಬೇಕು ಅಂದೆ. ಚದರ ಇಂಚಿಗೆ 200 ಕಂಡಿಗಳಿರುವ ಲೋಹದ ಕ್ಯಾಟ್ ಹಾಕಿದರೆ ಹೊಗೆಗೆ ಆಗುವ ಅಡ್ಡಿ ಅಷ್ಟಕ್ಕಷ್ಟೆ. ಅದಿಲ್ಲದಿದ್ದರೆ ಪಿಟ್ಟಿನಲ್ಲಿ ನಿಂತ ಮೆಕ್ಯಾನಿಕ್ ಹುಡುಗರು ಇಡೀ ದಿನ ಕಾರ್ಬನ್ ಮೊನಾಕ್ಸೈಡ್ ಕುಡಿಯಬೇಕು. ಮಾಲೀಕ ಹೆಲ್ಮೆಟ್ ಹಾಕಿಕೊಂಡು ಹೊರಟುಹೋಗುತ್ತಾನೆ, ಅವನಿಗೇನು. ಕೊನೆಗೆ ಹಾಕಿಸಿಕೊಂಡ.

ಆಮೇಲೆ ಬಂತು ಗುಂಯ್‌ಗುಟ್ಟುವಿಕೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ನೂರು ಸಲ ಹೊಗೆ ಉಗುಳುತ್ತದೆ. ದೊಡ್ಡ ಪೈಪು, ಕಾರಿನ ಡಬ್ಬ, ಎರಡೂ ಆ ನೂರರ ಸ್ವರಕ್ಕೆ ತಾಳ ಹಾಕಿದರೆ ಒಳಗೆ ಕೂತವನ ತಲೆ ಕೆಡುತ್ತದೆ. ಇದಕ್ಕೆ ಸೈಲೆನ್ಸರ್ ಮೇಲೆ ಸೈಲೆನ್ಸರ್ ಹಾಕಬೇಕಿಲ್ಲ. ಮುಖ್ಯ ಪೈಪಿನಿಂದ ಒಂದು ಕೊಂಬೆ ತೆಗೆದು, ತುದಿ ಮುಚ್ಚಿ, ಉದ್ದವನ್ನು ಆ ಸ್ವರದ ಅಲೆಯ ಕಾಲು ಭಾಗಕ್ಕೆ ಹೊಂದಿಸಿದರೆ ಸಾಕು. ಕೊಂಬೆಯೊಳಗೆ ಹೋಗಿ ಬಡಿದು ಬಂದ ಅಲೆ ಉಲ್ಟಾ ತಾಳದಲ್ಲಿ ಬಂದು ಆ ಸ್ವರವನ್ನು ತಿಂದುಹಾಕುತ್ತದೆ. ಬಿಸಿ ಹೊಗೆಯಲ್ಲಿ ಶಬ್ದ ಬೇಗ ಓಡುವುದರಿಂದ ಕೊಂಬೆ ಒಂದು ಮೀಟರಿಗಿಂತ ಸ್ವಲ್ಪ ಉದ್ದ ಬೇಕಾಯಿತು. ಅದನ್ನು ‘ಜೆ’ ಅಕ್ಷರದಂತೆ ಬಾಗಿಸಿ ಸ್ಟೆಪ್ನಿ ಗುಂಡಿಯ ಪಕ್ಕ ಕೂರಿಸಿದೆ. ಶಕ್ತಿಗೆ ಒಂದು ಚೂರೂ ನಷ್ಟವಿಲ್ಲ, ಗುಂಯ್ ಮಾಯ. ಮೀಟರ್ ಹಿಡಿದು ನೋಡಿದರೆ ಕಂಪನಿಯ ಎಕ್ಸಾಸ್ಟಿಗಿಂತ ಮೂರು ಡೆಸಿಬಲ್ ಹೆಚ್ಚು, ಅಷ್ಟೆ. ಪಕ್ಕದ ಶೆಡ್ಡಿನ ಗ್ರೈಂಡರ್ ಸದ್ದಿನಲ್ಲಿ ಅದು ಕೇಳಿಸುವುದೇ ಇಲ್ಲ.

ಇದನ್ನೆಲ್ಲ ಹೇಳಿದ್ದು ನನ್ನ ಕಸುಬು ಹೊಗಳಿಕೊಳ್ಳಲಿಕ್ಕಲ್ಲ (ಸ್ವಲ್ಪ ಅದಕ್ಕೂ ಹೌದು). ಶಕ್ತಿ ಬೇರೆ, ಸದ್ದು ಬೇರೆ ಎಂದು ತೋರಿಸಲಿಕ್ಕೆ. ಟರ್ಬೊದ ಚಕ್ರವೇ ಹೊಗೆಯ ಹೊಡೆತಗಳನ್ನು ಕತ್ತರಿಸಿ ಅರ್ಧ ಸೈಲೆನ್ಸರ್ ಕೆಲಸ ಮಾಡಿರುತ್ತದೆ. ಟರ್ಬೊ ಕಾರನ್ನು ದೊಡ್ಡ ಪೈಪಿನಲ್ಲೂ ಮೆತ್ತಗೆ ಇಡಬಹುದು. ಬೀದಿಯಲ್ಲಿ ನಮಗೆ ಕೇಳುವ ಪಟಾಕಿ ಪೈಪಿನದ್ದಲ್ಲ, ಸಾಫ್ಟ್‌ವೇರಿನದ್ದು. ಆಕ್ಸಲರೇಟರ್ ಬಿಟ್ಟಾಗ ನಿಲ್ಲಬೇಕಾದ ಪೆಟ್ರೋಲನ್ನು ನಿಲ್ಲಿಸದೆ, ಕಿಡಿಯನ್ನು ತಡಮಾಡಿ, ಪೆಟ್ರೋಲು ಎಕ್ಸಾಸ್ಟಿನಲ್ಲಿ ಹೋಗಿ ಸಿಡಿಯುವಂತೆ ಇಸಿಯುವಿನ, ಅಂದರೆ ಎಂಜಿನ್ನಿನ ಕಂಪ್ಯೂಟರಿನ, ಪ್ರೋಗ್ರಾಂ ಬರೆಸುತ್ತಾರೆ. ಅದರಿಂದ ಒಂದು ಹಾರ್ಸ್‌ಪವರೂ ಬರುವುದಿಲ್ಲ. ಕ್ಯಾಟ್ ಕರಗುತ್ತದೆ, ಟರ್ಬೊ ಬೇಯುತ್ತದೆ, ಮೂರನೇ ಮಹಡಿಯ ಮಗು ಎದ್ದು ಅಳುತ್ತದೆ.

ಬರೀ ಪೈಪ್ ಹಾಕಿದರೆ ಎಂಜಿನ್ನಿಗೂ ಅಪಾಯವಿದೆ, ಅದನ್ನು ಹುಡುಗರಿಗೆ ಯಾರೂ ಹೇಳುವುದಿಲ್ಲ. ಟರ್ಬೊದ ಪಕ್ಕದಲ್ಲಿ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲಿದೆ. ಒತ್ತಡ ಮಿತಿ ಮುಟ್ಟಿದಾಗ ಅದು ತೆರೆದು ಹೆಚ್ಚುವರಿ ಹೊಗೆಯನ್ನು ಚಕ್ರದ ಪಕ್ಕದಿಂದ ದಾಟಿಸುತ್ತದೆ. ಹಿಂದಿನ ಪೈಪು ಏಕಾಏಕಿ ಸಲೀಸಾದರೆ ಹೊಗೆಯೆಲ್ಲ ಚಕ್ರದ ಮೂಲಕವೇ ನುಗ್ಗುತ್ತದೆ, ಆ ಸಣ್ಣ ಬಾಗಿಲು ಪೂರ್ತಿ ತೆರೆದರೂ ಸಾಲುವುದಿಲ್ಲ, ಒತ್ತಡ ಮಿತಿ ಮೀರಿ ಏರುತ್ತಲೇ ಹೋಗುತ್ತದೆ. ಬೂಸ್ಟ್ ಕ್ರೀಪ್ ಅನ್ನುವುದು ಇದನ್ನೇ. ಮಾಜ್ದಾದ ಮೂರನೇ ತಲೆಮಾರಿನ ಆರ್‌ಎಕ್ಸ್-7, ರೋಟರಿ ಎಂಜಿನ್ನಿನ ಆ ಚೆಂದದ ಕಾರು, ಇದಕ್ಕೆ ಜಗತ್ಪ್ರಸಿದ್ಧ. ಕಂಪನಿ ಇಟ್ಟ ಒತ್ತಡದ ಮಿತಿ ಸುಮಾರು 10 ಪಿಎಸ್‌ಐ. ಕ್ಯಾಟ್ ಕಿತ್ತು ಪೂರಾ ದೊಡ್ಡ ಎಕ್ಸಾಸ್ಟ್ ಹಾಕಿ ವೇಸ್ಟ್‌ಗೇಟ್ ಹಾಗೇ ಬಿಟ್ಟವರ ಎಂಜಿನ್ನುಗಳು ರೋಟರಿನ ತುದಿಯ ಸೀಲ್ ಮುರಿದುಕೊಂಡು ಸತ್ತವು. ಸುಬರು ಡಬ್ಲ್ಯುಆರ್‌ಎಕ್ಸ್ ಮಾಲೀಕರಿಗೂ ಇದು ಗೊತ್ತಿರುವ ಕಾಟ. ಹಾಗಾಗಿ ಎವೊದ ವೇಸ್ಟ್‌ಗೇಟಿನ ಬಾಯಿಯನ್ನು ಉಜ್ಜಿ ದೊಡ್ಡದು ಮಾಡಿದೆ. ಇಸಿಯು ಟ್ಯೂನ್ ಆಗುವವರೆಗೆ ಕೀಲಿಕೈ ಮಾಲೀಕನ ಕೈಗೆ ಕೊಡಲಿಲ್ಲ. ಟ್ಯೂನ್ ಮಾಡುವವನು ಕೇಳಿದ್ದು ಒಂದೇ, ಯಾವ ಪೆಟ್ರೋಲ್? ಈ ಎಂಜಿನ್ ಹುಟ್ಟಿದ್ದು ಜಪಾನಿನ ನೂರು ಆಕ್ಟೇನಿಗೆ. ನಮ್ಮ ಮಾಮೂಲಿ ಬಂಕಿನ ಪೆಟ್ರೋಲ್ ಹಾಕಿ ಬೂಸ್ಟ್ ಏರಿಸಿದರೆ ಪಿಸ್ಟನ್ ಉಳಿಯುವುದಿಲ್ಲ. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಎಕ್ಸ್‌ಪಿ100 ತಂದ ಮೇಲೆ ಇಂಥವರಿಗೆ ಸ್ವಲ್ಪ ಉಸಿರು ಬಂದಿದೆ, ಜೇಬಿಗೆ ಬಂದಿಲ್ಲ.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅನ್ನುತ್ತದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಂ ಬೇರೆ ಇದೆ, ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಲೈಸೆನ್ಸ್ ಮೂರು ತಿಂಗಳು ರದ್ದು. ಶಿಕ್ಷೆ ಸಾಲದು ಅನ್ನುವಂತಿಲ್ಲ. ಸಾಲದಿರುವುದು ಅಳತೆ. ಹೊಸ ಕಾರಿಗೆ ಮಾರಾಟಕ್ಕೆ ಮುಂಚೆ 74 ಡೆಸಿಬಲ್ಲಿನ ಮಿತಿ ಇಟ್ಟು ಪರೀಕ್ಷೆ ಮಾಡುತ್ತಾರೆ. ಆ ಕಾರು ಷೋರೂಮ್ ದಾಟಿದ ಮೇಲೆ ಅದರ ಸದ್ದನ್ನು ಯಾರಾದರೂ ಅಳೆಯುವುದು ಅಪರೂಪ. ಮಾಲಿನ್ಯ ತಪಾಸಣೆಯವರು ಹೊಗೆ ನೋಡಿ ಚೀಟಿ ಕೊಡುತ್ತಾರೆ, ಸದ್ದಿನ ಕಾಲಂ ಆ ಚೀಟಿಯಲ್ಲಿ ಇಲ್ಲವೇ ಇಲ್ಲ. ರಸ್ತೆಯಲ್ಲಿ ಹಿಡಿಯುವ ಪೊಲೀಸರಿಗೆ ಬಹುತೇಕ ಕಿವಿಯೇ ಮೀಟರ್.

ಇದರ ಫಲ ಏನು? ಮೂರು ಡೆಸಿಬಲ್ ಹೆಚ್ಚಿರುವ, ಕ್ಯಾಟ್ ಇರುವ, ಸರಿಯಾಗಿ ಬೆಸೆದ ಪೈಪೂ ಅಪರಾಧ, ನೂರು ದಾಟಿ ಚೀರುವ ಖಾಲಿ ಡಬ್ಬವೂ ಅಪರಾಧ. ಎರಡಕ್ಕೂ ಒಂದೇ ದಂಡವಾದರೆ ಹುಡುಗ ಅಗ್ಗದ್ದನ್ನೇ ಹಾಕಿಸುತ್ತಾನೆ. ಒಳ್ಳೆಯ ಕೆಲಸ ಮಾಡುವವನು ಬೋರ್ಡು ಹಾಕುವಂತಿಲ್ಲ, ಬಿಲ್ಲು ಕೊಡುವಂತಿಲ್ಲ. ಕೆಟ್ಟ ಕೆಲಸ ಮಾಡುವವನಿಗೆ ಬಿಲ್ಲು ಬೋರ್ಡು ಎರಡೂ ಮೊದಲೇ ಬೇಡ.

ಜರ್ಮನಿಯಲ್ಲಿ ಹೀಗಿಲ್ಲ. ಅಲ್ಲಿ ಬೇರೆ ಎಕ್ಸಾಸ್ಟ್ ಹಾಕಿಸಬಹುದು, ಆದರೆ ಆ ಭಾಗಕ್ಕೆ ಅನುಮೋದನೆಯ ಕಾಗದ ಇರಬೇಕು, ಇಲ್ಲವೇ ಟಿಯುವಿಯಂಥ ಸಂಸ್ಥೆಯ ಪರೀಕ್ಷಕ ಕಾರನ್ನೇ ನೋಡಿ ದಾಖಲೆಗೆ ಬರೆಯಬೇಕು. ಇನ್ನೂ ಚೆಂದದ ಸಂಗತಿ ಅಂದರೆ ಪ್ರತಿ ಕಾರಿನ ನೋಂದಣಿ ಪತ್ರದಲ್ಲೇ ಅದು ನಿಂತಲ್ಲಿ ಎಷ್ಟು ಡೆಸಿಬಲ್ ಸದ್ದು ಮಾಡಬೇಕು, ಎಷ್ಟು ಆರ್‌ಪಿಎಂನಲ್ಲಿ ಅಳೆಯಬೇಕು ಎಂದು ಮುದ್ರಿಸಿರುತ್ತಾರೆ. ಎಕ್ಸಾಸ್ಟ್ ಬಾಯಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ಮೈಕ್ ಹಿಡಿದರೆ ಕೆಲವೇ ನಿಮಿಷದಲ್ಲಿ ತೀರ್ಮಾನ. ಜಪಾನಿನಲ್ಲೂ 2010ರಿಂದೀಚಿನ ಕಾರುಗಳಿಗೆ ಪರೀಕ್ಷೆಯಾಗಿ ಮುದ್ರೆ ಬಿದ್ದ ಸೈಲೆನ್ಸರೇ ಆಗಬೇಕು. ಅಮೆರಿಕದ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಸುತ್ತಲಿನ ಊರಿನವರಿಗಾಗಿ ವರ್ಷದ ಹೆಚ್ಚಿನ ದಿನ ಸದ್ದಿನ ಮಿತಿ ಇದೆ. ಮೀರಿದವನನ್ನು ಟ್ರ್ಯಾಕಿನಿಂದಲೇ ಹೊರಗೆ ಕಳಿಸುತ್ತಾರೆ. ರೇಸಿನ ಕಾರನ್ನೇ ಅಳೆಯುವವರಿದ್ದಾರೆ, ನಾವು ಎಂ.ಜಿ. ರಸ್ತೆಯಲ್ಲಿ ಅಳೆಯುತ್ತಿಲ್ಲ.

‘ಅನುಮತಿ ಕೊಟ್ಟರೆ ಎಲ್ಲರೂ ಚೀರಿಸುತ್ತಾರೆ’ ಎಂಬ ವಾದ ಕೇಳಿದ್ದೇನೆ. ಈಗ ಚೀರಿಸುತ್ತಿಲ್ಲವೆ? ಚರ್ಚ್ ಸ್ಟ್ರೀಟಿನಲ್ಲಿ ಶನಿವಾರ ರಾತ್ರಿ ನಿಂತು ನೋಡಿ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳಿವೆ. ಪೂರ್ತಿ ನಿಷೇಧವಿದ್ದೂ ಆಗದ ಕೆಲಸ ಮೀಟರಿನಿಂದ ಆಗಬಹುದು, ಏಕೆಂದರೆ ಮೀಟರಿನ ಅಂಕಿ ಕೋರ್ಟಿನಲ್ಲಿ ನಿಲ್ಲುತ್ತದೆ, ಪೇದೆಯ ಕಿವಿ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ ಹೇಳಿದ್ದು ಇರುವ ಕಾಯ್ದೆಯ ಅರ್ಥವನ್ನು. ಕಾಯ್ದೆ ಬದಲಿಸಬೇಕಾದವರು ದೆಹಲಿಯಲ್ಲಿ ಕೂತಿದ್ದಾರೆ. ವಾಹನ ಪರೀಕ್ಷೆಗೆ ಪುಣೆಯ ಎಆರ್‌ಎಐ ಇದೆ, ಮಾನೇಸರದ ಐಕ್ಯಾಟ್ ಇದೆ, ಸಿಎನ್‌ಜಿ ಕಿಟ್‌ಗಳಿಗೆ ಅನುಮೋದನೆ ಕೊಡುವ ಪದ್ಧತಿ ಈಗಾಗಲೇ ರೂಢಿಯಲ್ಲಿದೆ. ಗ್ಯಾಸಿನ ಸಿಲಿಂಡರನ್ನೇ ಡಿಕ್ಕಿಯಲ್ಲಿ ಕೂರಿಸಲು ಬಿಡುವ ವ್ಯವಸ್ಥೆಗೆ ಪರೀಕ್ಷೆ ಪಾಸಾದ ಸೈಲೆನ್ಸರ್ ಭಯವೇಕೆ?

ರಾಜ್ಯದ ಸಾರಿಗೆ ಇಲಾಖೆ ದೆಹಲಿಗೆ ಕಾಯದೆ ಮಾಡಬಹುದಾದದ್ದೂ ಇದೆ. ಪ್ರತಿ ಆರ್‌ಟಿಒ ಕಚೇರಿಗೆ, ಪ್ರತಿ ಸಂಚಾರ ಠಾಣೆಗೆ ಪ್ರಮಾಣೀಕರಿಸಿದ ಸದ್ದಿನ ಮೀಟರ್ ಕೊಡಿ. ದಂಡದ ಚೀಟಿಯಲ್ಲಿ ಡೆಸಿಬಲ್ ಬರೆಯಿರಿ. ಮೀರಿದ್ದನ್ನು ರೋಲರಿಗೆ ಹಾಕಿ, ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ಖಾಲಿ ಡಬ್ಬ ಬೆಸೆದುಕೊಟ್ಟ ಅಂಗಡಿಯನ್ನೂ ಕೇಳಿ. ಹುಡುಗನಿಗಷ್ಟೇ ದಂಡ ಹಾಕಿ ಬಿಟ್ಟರೆ ಅಂಗಡಿಯವನು ಮಾರನೇ ದಿನ ಇನ್ನೊಂದು ಬೆಸೆಯುತ್ತಾನೆ.

ಇನ್ನು ಕಾರಿನ ಹುಡುಗರಿಗೆ ಒಂದು ಮಾತು. ಕ್ಯಾಟ್ ಕಿತ್ತುಹಾಕಲು, ಪಟಾಕಿ ಹಾಕಿಸಲು ನನ್ನ ಶೆಡ್ಡಿಗೆ ಬರಬೇಡಿ. ನೋಂದಣಿಯಾದ ರಸ್ತೆಯ ಕಾರಿಗೆ ದೊಡ್ಡ ಪೈಪ್ ಬೇಕೆಂದರೂ ಕಾನೂನು ಬದಲಾಗುವವರೆಗೆ ಬೇಡ. ಟ್ರ್ಯಾಕಿನ ಕಾರಿದ್ದು ಅದನ್ನು ಟ್ರೈಲರ್ ಮೇಲೆ ತಂದರೆ ಬನ್ನಿ, ಆರ್ಗಾನ್ ಸಿಲಿಂಡರ್ ತುಂಬಿದೆ. ಟ್ಯೂನಿಂಗಿಗೆ ಬೇರೆ ದುಡ್ಡು ತೆಗೆದಿಟ್ಟುಕೊಂಡೇ ಬನ್ನಿ.